ಊಟಿಗೆ ಹೋದ ದುಡ್ಡು ಗೂಡಲೂರಿನ ಹಾಡಿಗೆ ಏಕೆ ತಲುಪುವುದಿಲ್ಲ?

2025ರ ಈದುಲ್ ಫಿತ್ರ್ ಮಾರ್ಚ್ 31ರ ಸೋಮವಾರ ಬಂತು. ಪೆರ್ನಾಲ್ ಕಳೆದ ಮರುದಿನವೇ, ಅಂದರೆ ಏಪ್ರಿಲ್ 1ರಿಂದ, ನೀಲಗಿರಿ ಜಿಲ್ಲೆಗೆ ಬರುವ ಪ್ರವಾಸಿ ವಾಹನಗಳ ಸಂಖ್ಯೆಗೆ ಮದ್ರಾಸ್ ಹೈಕೋರ್ಟ್ ಹಾಕಿದ ಮಿತಿ ಜಾರಿಯಾಯಿತು. ವಾರದ ದಿನಗಳಲ್ಲಿ 6,000 ವಾಹನ, ವಾರಾಂತ್ಯದಲ್ಲಿ 8,000. ಕರಾವಳಿಯಿಂದ ಕುಟುಂಬ ಸಮೇತ ಕಾರು ಹತ್ತಿ ಮಡಿಕೇರಿ, ಮೈಸೂರು, ಗುಂಡ್ಲುಪೇಟೆ ದಾಟಿ ಊಟಿಗೆ ಹೊರಡುವವರಿಗೆ ಇದು ತಲೆನೋವಿನ ಸುದ್ದಿಯಾಗಿತ್ತು. ಏಪ್ರಿಲ್ 2ರಂದು ನೀಲಗಿರಿಯ ವ್ಯಾಪಾರಿಗಳು ಜಿಲ್ಲೆಯಾದ್ಯಂತ ಅಂಗಡಿ-ಹೋಟೆಲ್ ಮುಚ್ಚಿ ಬಂದ್ ಆಚರಿಸಿದರು. ಇ-ಪಾಸ್ ರದ್ದು ಮಾಡಿ, ಪ್ರವಾಸಿಗರು ಬಾರದಿದ್ದರೆ ನಮ್ಮ ಹೊಟ್ಟೆ ಹೇಗೆ ತುಂಬಬೇಕು ಎಂಬುದು ಅವರ ಪ್ರಶ್ನೆ. ನ್ಯಾಯಾಲಯದ ಪ್ರಶ್ನೆ ಬೇರೆ ಇತ್ತು. ಸೀಸನ್‌ನಲ್ಲಿ ದಿನಕ್ಕೆ ಸುಮಾರು 20 ಸಾವಿರ ವಾಹನಗಳು ಬೆಟ್ಟ ಹತ್ತಿದರೆ ಆ ಬೆಟ್ಟ ಎಷ್ಟು ದಿನ ತಡೆದೀತು?

ಎರಡೂ ಪ್ರಶ್ನೆಗಳು ಸಾಚಾ. ಆದರೆ ಆ ಗಲಾಟೆಯಲ್ಲಿ ಒಂದು ದನಿ ಕೇಳಿಸಲೇ ಇಲ್ಲ. ಬಂದ್ ಮಾಡಬೇಕಾದರೆ ಮುಚ್ಚುವುದಕ್ಕೆ ಒಂದು ಅಂಗಡಿಯಾದರೂ ಇರಬೇಕು. ಅಂಗಡಿಯೇ ಇಲ್ಲದವರು ನೀಲಗಿರಿಯಲ್ಲಿ ಬಹಳ ಮಂದಿ ಇದ್ದಾರೆ. ಪ್ರವಾಸಿ ಬಂದರೂ ಅವರ ಮನೆಯ ಒಲೆಗೆ ಹೆಚ್ಚೇನೂ ಸೇರುವುದಿಲ್ಲ. ಬಾರದಿದ್ದರೆ ಮಾತ್ರ ಸಿಗುತ್ತಿದ್ದ ದಿನಗೂಲಿಯೂ ತಪ್ಪುತ್ತದೆ.

ನೀಲಗಿರಿ ಎಂದಕೂಡಲೇ ನಮ್ಮವರಿಗೆ ನೆನಪಾಗುವುದು ಬೊಟಾನಿಕಲ್ ಗಾರ್ಡನ್, ದೊಡ್ಡಬೆಟ್ಟ, ಬೋಟ್ ಹೌಸ್, ಹೋಮ್‌ಮೇಡ್ ಚಾಕೊಲೇಟ್. ಜಿಲ್ಲೆಯ ಜನರ ನೆನಪಾಗುವುದು ಕಡಿಮೆ. 2011ರ ಜನಗಣತಿಯ ಪ್ರಕಾರ ಅಲ್ಲಿನ ಜನಸಂಖ್ಯೆ 7.35 ಲಕ್ಷ. ಅದರಲ್ಲಿ ಸುಮಾರು ಮೂರನೇ ಒಂದು ಭಾಗ ಪರಿಶಿಷ್ಟ ಜಾತಿಯವರು, ಬಹುಪಾಲು ಚಹಾ ತೋಟಗಳ ಕೂಲಿಗಳು. ಅವರಲ್ಲಿ ದೊಡ್ಡ ಸಂಖ್ಯೆಯವರು 1964ರ ಶಾಸ್ತ್ರಿ-ಸಿರಿಮಾವೋ ಒಪ್ಪಂದದ ನಂತರ ಶ್ರೀಲಂಕಾದಿಂದ ವಾಪಸಾದ ತಮಿಳರ ಮಕ್ಕಳು, ಮೊಮ್ಮಕ್ಕಳು. ಅವರಿಗೆ ಕೆಲಸ ಕೊಡುವುದಕ್ಕೆಂದೇ ತಮಿಳುನಾಡು ಸರಕಾರ 'ಟಾನ್‌ಟೀ' ತೋಟಗಳನ್ನು ಮಾಡಿತು. ಇನ್ನು ಆದಿವಾಸಿಗಳು ಜಿಲ್ಲೆಯ ಜನಸಂಖ್ಯೆಯ ಶೇ. 4ಕ್ಕಿಂತ ಸ್ವಲ್ಪ ಹೆಚ್ಚು. ತೋಡ, ಕೋಟ, ಕುರುಂಬ, ಇರುಳ, ಪಣಿಯ, ಕಾಟುನಾಯಕ. ತಮಿಳುನಾಡಿನಲ್ಲಿ 'ವಿಶೇಷವಾಗಿ ದುರ್ಬಲ' ಎಂದು ಕೇಂದ್ರ ಸರಕಾರ ಗುರುತಿಸಿರುವ ಆರು ಬುಡಕಟ್ಟುಗಳೂ ಈ ಒಂದೇ ಜಿಲ್ಲೆಯಲ್ಲಿವೆ. ಕನ್ನಡಕ್ಕೆ ತೀರಾ ಹತ್ತಿರದ ಮಾತನ್ನಾಡುವ ಬಡಗರು ಇವರಿಗಿಂತ ಅನುಕೂಲಸ್ಥರು ಎನ್ನಬಹುದು, ಆದರೆ ಎಕರೆ-ಎರಡೆಕರೆ ಚಹಾ ಇಟ್ಟುಕೊಂಡು ಹಸಿರೆಲೆಯ ದರ ಕುಸಿದಾಗಲೆಲ್ಲ ಬೀದಿಗಿಳಿಯುವ ಸಣ್ಣ ಬೆಳೆಗಾರರೂ ಅವರೇ.

ಇಷ್ಟು ಜನರ ನಡುವೆ ವರ್ಷಕ್ಕೆ 20 ಲಕ್ಷಕ್ಕೂ ಹೆಚ್ಚು ಪ್ರವಾಸಿಗರು ಬಂದು ಹೋಗುತ್ತಾರೆ. ಬಂದವರು ಬರಿಗೈಲಿ ಬರುವುದಿಲ್ಲ. ಹಾಗಾದರೆ ದುಡ್ಡು ಎಲ್ಲಿ ಹೋಗುತ್ತದೆ?

ಮಂಗಳೂರಿನಿಂದ ಹೊರಟ ಒಂದು ಕುಟುಂಬದ ಖರ್ಚನ್ನೇ ಲೆಕ್ಕ ಹಾಕಿ ನೋಡಬಹುದು. ಬಂಡೀಪುರ ಪ್ರವೇಶಿಸುವಾಗ ಮೇಲುಕಾಮನಹಳ್ಳಿಯಲ್ಲಿ ಕರ್ನಾಟಕ ಅರಣ್ಯ ಇಲಾಖೆಯ ಹಸಿರು ಸೆಸ್. ಕೆಕ್ಕನಹಳ್ಳದಲ್ಲಿ ತಮಿಳುನಾಡಿಗೆ ಕಾಲಿಟ್ಟಾಗ ಆ ಕಡೆಯ ಹಸಿರು ಶುಲ್ಕ, ಜತೆಗೆ ಪ್ಲಾಸ್ಟಿಕ್ ಬಾಟಲಿಯ ತಪಾಸಣೆ. ಮುದುಮಲೆಯಲ್ಲಿ ಸಫಾರಿ ಮಾಡಿದರೆ ಅರಣ್ಯ ಇಲಾಖೆಗೆ ಶುಲ್ಕ. ಊಟಿಯಲ್ಲಿ ಗಾರ್ಡನ್ನಿನ ಟಿಕೆಟ್ ತೋಟಗಾರಿಕೆ ಇಲಾಖೆಗೆ, ಬೋಟ್ ಹೌಸ್‌ನ ಟಿಕೆಟ್ ಪ್ರವಾಸೋದ್ಯಮ ನಿಗಮಕ್ಕೆ, ಪುಟಾಣಿ ರೈಲಿನ ಟಿಕೆಟ್ ರೈಲ್ವೆಗೆ. ಲಾಡ್ಜ್ ಬಾಡಿಗೆಯ ದೊಡ್ಡ ಪಾಲು ಮಾಲಕರಿಗೆ, ಆನ್‌ಲೈನ್ ಬುಕ್ ಮಾಡಿದ್ದರೆ ಅದರಲ್ಲೊಂದು ಪಾಲು ಆಪ್‌ನವರಿಗೆ. ಕಾರಿನ ಡೀಸೆಲ್ ಗುಂಡ್ಲುಪೇಟೆಯಲ್ಲೇ ತುಂಬಿಸಿ ಆಗಿದೆ. ಕೊನೆಗೆ ಸ್ಥಳೀಯ ಬಡವರ ಕೈಗೆ ನೇರವಾಗಿ ಬಿದ್ದದ್ದೆಷ್ಟು? ಸುಟ್ಟ ಜೋಳ ಮಾರುವ ಅಜ್ಜಿಗೆ ಕೊಟ್ಟದ್ದು, ಕುದುರೆಯವನಿಗೆ ಕೊಟ್ಟದ್ದು, ಹೋಟೆಲಲ್ಲಿ ತಟ್ಟೆ ತೆಗೆಯುವ ಹುಡುಗನಿಗೆ ಬಿಟ್ಟ ಟಿಪ್ಸ್. ಅಷ್ಟೇ.

ಇಡೀ ಪ್ರವಾಸದಲ್ಲಿ ಚೌಕಾಸಿ ನಡೆಯುವುದೂ ಆ ಜೋಳದ ಅಜ್ಜಿಯ ಜತೆಗೇ. ಕೌಂಟರಿನಲ್ಲಿ ಕೇಳಿದಷ್ಟು ತೆಗೆದು ಕೊಡುವವರು ಅಲ್ಲಿಗೆ ಬಂದಾಗ "ಹತ್ತು ರೂಪಾಯಿ ಕಡಿಮೆ ಮಾಡಮ್ಮಾ" ಎನ್ನುತ್ತಾರೆ. ಇದು ಜಿಪುಣತನವಲ್ಲ, ಅಭ್ಯಾಸ. ಬೋರ್ಡ್ ಮೇಲೆ ಬರೆದ ದರಕ್ಕೆ ಯಾರೂ ತಕರಾರು ಮಾಡುವುದಿಲ್ಲ, ಬಾಯಿಯಲ್ಲಿ ಹೇಳಿದ ದರವನ್ನು ಯಾರೂ ನಂಬುವುದಿಲ್ಲ.

ಅರ್ಥಶಾಸ್ತ್ರಜ್ಞರು ಇದನ್ನೇ ಬೇರೆ ರೀತಿಯಲ್ಲಿ ಅಳೆಯಲು ನೋಡಿದ್ದಾರೆ. "ಸ್ಥಳೀಯ ಬಡ ಸಮುದಾಯಗಳಿಗೆ ನೆರವಾಗಲು ನೀವು ಹೆಚ್ಚುವರಿಯಾಗಿ ಎಷ್ಟು ಕೊಡಲು ಸಿದ್ಧ?" ಎಂದು ಪ್ರವಾಸಿಗರನ್ನು ಕೇಳುವ ಸಮೀಕ್ಷೆಗಳು ಜಗತ್ತಿನ ಎಷ್ಟೋ ಕಡೆ ನಡೆದಿವೆ. ಕೊಡುತ್ತೇವೆ ಎನ್ನುವವರು ಎಲ್ಲೆಡೆಯೂ ಸಿಗುತ್ತಾರೆ. ಆದರೆ ಈ ಉತ್ತರಗಳನ್ನು ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ಕೈಯಲ್ಲಿ ಪ್ರಶ್ನಾವಳಿ ಹಿಡಿದ ವಿದ್ಯಾರ್ಥಿಯ ಮುಂದೆ "ಬಡವರಿಗೆ ಕೊಡಲ್ಲ" ಅಂತ ಯಾರು ಹೇಳ್ತಾರೆ? 1989ರಲ್ಲಿ ಅಲಾಸ್ಕಾ ಕರಾವಳಿಯಲ್ಲಿ ಎಕ್ಸಾನ್ ವಾಲ್ಡೆಜ್ ಹಡಗಿನ ತೈಲ ಸೋರಿಕೆಯಾದ ಬಳಿಕ, ಇಂತಹ ಸಮೀಕ್ಷೆಯ ಅಂಕಿಗಳನ್ನು ನಂಬಬಹುದೇ ಎಂಬ ಚರ್ಚೆ ಅಮೆರಿಕದಲ್ಲಿ ಜೋರಾಗಿ ನಡೆಯಿತು. ಅಲ್ಲಿನ ಸರಕಾರ ನೊಬೆಲ್ ಪುರಸ್ಕೃತರಾದ ಕೆನೆತ್ ಆ್ಯರೋ ಮತ್ತು ರಾಬರ್ಟ್ ಸೋಲೋ ನೇತೃತ್ವದ ಸಮಿತಿಗೆ ಇದನ್ನು ಒಪ್ಪಿಸಿತು. 1993ರಲ್ಲಿ ಸಮಿತಿ ಕೊಟ್ಟ ವರದಿಯ ತಾತ್ಪರ್ಯ ಇಷ್ಟು: ಎಷ್ಟು ಕೊಡುತ್ತೀರಿ ಎಂದು ತೆರೆದ ಪ್ರಶ್ನೆ ಕೇಳಬೇಡಿ, ಇಂತಿಷ್ಟು ಮೊತ್ತ, ಹೌದೋ ಅಲ್ಲವೋ ಎಂದು ಕೇಳಿ. ಅದು ಯಾವ ದಾರಿಯಲ್ಲಿ ವಸೂಲಾಗುತ್ತದೆ, ಯಾತಕ್ಕೆ ಖರ್ಚಾಗುತ್ತದೆ ಎಂದು ಮೊದಲೇ ಹೇಳಿ. ಬರುವ ಉತ್ತರವನ್ನು ಕಡಿಮೆ ಅಂದಾಜಿನ ಕಡೆಗೇ ಓದಿಕೊಳ್ಳಿ.

ನೀಲಗಿರಿಗೆ ಅನ್ವಯಿಸಿ ನೋಡಿದರೆ ಇದರಲ್ಲಿ ಮುಖ್ಯವಾದದ್ದು "ಯಾತಕ್ಕೆ ಖರ್ಚಾಗುತ್ತದೆ" ಎಂಬ ಭಾಗ. ಕೊಡುವ ಮನಸ್ಸಿಗೆ ಅಲ್ಲಿ ಬರವಿಲ್ಲ. ಎರಡು ರಾಜ್ಯಗಳ ಚೆಕ್‌ಪೋಸ್ಟುಗಳಲ್ಲಿ ಪ್ರತಿದಿನ ಸಾವಿರಾರು ಮಂದಿ ಹಸಿರಿನ ಹೆಸರಿನಲ್ಲಿ ದುಡ್ಡು ಕೊಟ್ಟು ಮುಂದೆ ಹೋಗುತ್ತಿರುವುದೇ ಅದಕ್ಕೆ ಸಾಕ್ಷಿ. ಸಮೀಕ್ಷೆಯಲ್ಲಿ ಬಾಯಿಮಾತಿಗೆ ಕೊಟ್ಟ ಉತ್ತರವಲ್ಲ ಅದು, ಜೇಬಿನಿಂದ ಹೋದ ದುಡ್ಡು. ಆ ದುಡ್ಡಿನ ಪೆಟ್ಟಿಗೆಯ ಬೀಗದ ಕೈ ಯಾರ ಹತ್ತಿರ ಇದೆ ಎಂಬುದೇ ಇಡೀ ವಿಷಯದ ತಿರುಳು.

ಮಸಿನಗುಡಿಯಲ್ಲಿ ಏನಾಯಿತು ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಊಟಿಯ ತಣ್ಣನೆಯ ಬೆಟ್ಟದಿಂದ ಕಲ್ಹಟ್ಟಿ ಘಾಟಿಯ 36 ಹೇರ್‌ಪಿನ್ ತಿರುವುಗಳನ್ನಿಳಿದರೆ ಸಿಗುವ ಒಣ ಬಯಲು ಸೀಮೆ ಅದು. ಪೂರ್ವ ಘಟ್ಟದಿಂದ ಪಶ್ಚಿಮ ಘಟ್ಟಕ್ಕೆ ಆನೆಗಳು ಸಾಗುವ ಸೀಗೂರು ಪ್ರಸ್ಥಭೂಮಿ. ಇಲ್ಲಿ ಒಂದರ ಹಿಂದೊಂದು ರೆಸಾರ್ಟುಗಳೆದ್ದವು. ಆನೆದಾರಿಯ ಅಧಿಸೂಚನೆಯನ್ನು 2011ರಲ್ಲಿ ಮದ್ರಾಸ್ ಹೈಕೋರ್ಟ್ ಎತ್ತಿ ಹಿಡಿಯಿತು. 2018ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ 27 ರೆಸಾರ್ಟುಗಳನ್ನು 48 ಗಂಟೆಗಳೊಳಗೆ ಮುಚ್ಚಿಸಲು ಆದೇಶಿಸಿತು. 2020ರ ಅಕ್ಟೋಬರ್‌ನ ತೀರ್ಪಿನಲ್ಲಿ ಆನೆದಾರಿಯನ್ನು ಖಾಯಂ ಎತ್ತಿ ಹಿಡಿದು, ಆಕ್ಷೇಪಗಳನ್ನು ಕೇಳಲು ನಿವೃತ್ತ ನ್ಯಾಯಾಧೀಶರ ಸಮಿತಿ ಮಾಡಿತು. ಅದಾಗಿ ಮೂರೇ ತಿಂಗಳಲ್ಲಿ, 2021ರ ಜನವರಿಯಲ್ಲಿ, ಮಸಿನಗುಡಿಯ ರೆಸಾರ್ಟ್ ಒಂದರ ಬಳಿ ಆನೆಯ ಮೇಲೆ ಉರಿಯುವ ಟಯರ್ ಎಸೆದ ವೀಡಿಯೊ ದೇಶವನ್ನೇ ಬೆಚ್ಚಿ ಬೀಳಿಸಿತು. ಆ ಆನೆ ಬದುಕಲಿಲ್ಲ.

ಆನೆಯ ಪರವಾಗಿ ಬಂದ ತೀರ್ಪು ಸರಿಯಾದದ್ದೇ. ಬೀಗ ಬಿದ್ದ ರೆಸಾರ್ಟಿನ ಮಾಲಕನಿಗೆ ನಷ್ಟವಾಯಿತು, ನಿಜ. ಆದರೆ ಬಂಡವಾಳ ಇರುವವನಿಗೆ ಇನ್ನೊಂದು ಊರು ಇದ್ದೇ ಇದೆ. ಅಲ್ಲಿ ಅಡುಗೆ ಮಾಡುತ್ತಿದ್ದವರು, ಹಾಸಿಗೆ ಬದಲಿಸುತ್ತಿದ್ದ ಇರುಳ ಹೆಂಗಸರು, ಜೀಪ್ ಓಡಿಸುತ್ತಿದ್ದ ಹುಡುಗರು ಎಲ್ಲಿಗೆ ಹೋಗಬೇಕು? ರೆಸಾರ್ಟುಗಳು ಓಡುತ್ತಿದ್ದಾಗ ಅವರಿಗೆ ಸಿಗುತ್ತಿದ್ದದ್ದು ಸಂಬಳ, ಪಾಲಲ್ಲ. ಪಾಲಿದ್ದವನ ಹತ್ತಿರ ವಕೀಲರಿರುತ್ತಾರೆ, ಸಂಬಳದವನ ಹತ್ತಿರ ಪಡಿತರ ಚೀಟಿ ಮಾತ್ರ.

ಮಸಿನಗುಡಿಗೆ ತೀರಾ ಸಮೀಪದ ತೆಪ್ಪಕಾಡಿನಲ್ಲಿ ಎರಡು ವರ್ಷಗಳ ನಂತರ ಇನ್ನೊಂದು ಚಿತ್ರ ಕಂಡಿತು. 2023ರ ಮಾರ್ಚ್‌ನಲ್ಲಿ 'ದಿ ಎಲಿಫೆಂಟ್ ವಿಸ್ಪರರ್ಸ್' ಕಿರು ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಬಂತು. ಕಾಟುನಾಯಕ ಸಮುದಾಯದ ಬೊಮ್ಮನ್ ಮತ್ತು ಬೆಳ್ಳಿ ದಂಪತಿ ಅನಾಥ ಆನೆಮರಿಯನ್ನು ಸಾಕಿದ ಕತೆ. ಮರುದಿನದಿಂದಲೇ ತೆಪ್ಪಕಾಡು ಆನೆ ಶಿಬಿರಕ್ಕೆ ಪ್ರವಾಸಿಗರ ದಂಡು ಬರತೊಡಗಿತು. ಏಪ್ರಿಲ್‌ನಲ್ಲಿ ಪ್ರಧಾನಿಯೂ ಬಂದು ಹೋದರು. ಮುಖ್ಯಮಂತ್ರಿ ಸ್ಟಾಲಿನ್ ದಂಪತಿಗೆ ತಲಾ 1 ಲಕ್ಷ ರೂಪಾಯಿ ಕೊಟ್ಟರು. ಮುದುಮಲೆ ಮತ್ತು ಆನೆಮಲೆ ಶಿಬಿರಗಳ 91 ಕೆಲಸಗಾರರಿಗೂ ತಲಾ 1 ಲಕ್ಷ, ಅವರಿಗೆ ಮನೆ ಕಟ್ಟಿಸಲು 9.10 ಕೋಟಿ ರೂಪಾಯಿ ಘೋಷಿಸಿದರು. ಒಳ್ಳೆಯ ಕೆಲಸವೇ. ಆದರೆ ಆ 91 ಮಂದಿ ಅದಕ್ಕೂ ಹಿಂದೆ ವರ್ಷಗಟ್ಟಲೆ ಅದೇ ಶಿಬಿರಗಳಲ್ಲಿದ್ದರು, ಆನೆ ನೋಡಲು ಬಂದವರು ವರ್ಷಗಟ್ಟಲೆ ಟಿಕೆಟ್ ಕೊಂಡಿದ್ದರು. ಮಾವುತರ ಮನೆಯ ಸೂರಿಗೆ ದುಡ್ಡು ಬರಲು ಲಾಸ್ ಏಂಜಲೀಸ್‌ನಿಂದ ಪ್ರಶಸ್ತಿ ಬರುವವರೆಗೆ ಕಾಯಬೇಕಾಯಿತು.

ಕಾನೂನಿನಲ್ಲಿ ದಾರಿ ಇಲ್ಲವೇ? ಇದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2006ರಲ್ಲಿ ತಂದ ತಿದ್ದುಪಡಿಯ 38ಎಕ್ಸ್ ಕಲಂ ಪ್ರಕಾರ ಪ್ರತಿ ಹುಲಿ ಮೀಸಲು ಪ್ರದೇಶಕ್ಕೂ ಒಂದು ಪ್ರತಿಷ್ಠಾನ ಇರಬೇಕು. ಸ್ಥಳೀಯರ ಆರ್ಥಿಕ, ಸಾಮಾಜಿಕ ಅಭಿವೃದ್ಧಿಯೂ, ಅವರನ್ನು ಸೇರಿಸಿಕೊಂಡ ಪ್ರವಾಸೋದ್ಯಮವೂ ಅದರ ಉದ್ದೇಶಗಳಲ್ಲಿ ಸೇರಿವೆ. 2012ರಲ್ಲಿ ಹುಲಿಧಾಮಗಳ ಒಳಭಾಗದಲ್ಲಿ ಪ್ರವಾಸೋದ್ಯಮವನ್ನು ಸುಪ್ರೀಂ ಕೋರ್ಟ್ ಕೆಲವು ತಿಂಗಳ ಕಾಲ ನಿಲ್ಲಿಸಿದ್ದು ಹಲವರಿಗೆ ನೆನಪಿರಬಹುದು. ಆ ವರ್ಷದ ಅಕ್ಟೋಬರ್‌ನಲ್ಲಿ ಹೊರಬಂದ ಮಾರ್ಗಸೂಚಿಯಲ್ಲಿ ಹುಲಿಧಾಮದ ಸುತ್ತಲಿನ ಪ್ರವಾಸೋದ್ಯಮಿಗಳಿಂದ ಸಂರಕ್ಷಣಾ ಶುಲ್ಕ ಪಡೆದು ಸ್ಥಳೀಯ ಜನರಿಗಾಗಿ ಬಳಸುವ ಮಾತಿದೆ. ಅಂದರೆ ತತ್ವ ಒಪ್ಪಿ ಆಗಿದೆ. ಟಿಕೆಟ್ ಹಿಡಿದ ಪ್ರವಾಸಿಗಾಗಲೀ ಹಾಡಿಯಲ್ಲಿ ಕೂತ ಪಣಿಯ ಹೆಂಗಸಿಗಾಗಲೀ ಇದು ಕಣ್ಣಿಗೆ ಕಾಣುವ ರೂಪದಲ್ಲಿ ಬಂದಿಲ್ಲ ಎಂಬುದಷ್ಟೇ ಕೊರತೆ.

ಕಣ್ಣಿಗೆ ಕಾಣುವಂತೆ ಮಾಡಿದ ಉದಾಹರಣೆ ದೂರವೇನೂ ಇಲ್ಲ. ಕೇರಳದ ಪೆರಿಯಾರ್ ಹುಲಿ ಮೀಸಲು ಪ್ರದೇಶ, ನಮ್ಮವರು ತೇಕ್ಕಡಿ ಎಂದು ಕರೆಯುವ ಜಾಗ. 1990ರ ದಶಕದ ಕೊನೆಯಲ್ಲಿ ಪರಿಸರ ಅಭಿವೃದ್ಧಿ ಯೋಜನೆಯಡಿ ಅಲ್ಲಿ ಗ್ರಾಮಗಳಲ್ಲಿ ಸಮಿತಿಗಳಾದವು. ಕಾಡಿನಿಂದ ಕದ್ದು ದಾಲ್ಚಿನ್ನಿ ತೊಗಟೆ ಸುಲಿಯುತ್ತಿದ್ದ ಗುಂಪೊಂದು ಕೇಸುಗಳಿಂದ ಬಿಡುಗಡೆ ಪಡೆದು ಚಾರಣಿಗರ ಮಾರ್ಗದರ್ಶಿಗಳಾಯಿತು. ಆ ಕಾಡಿನ ಸಂದುಗೊಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿದ್ದೀತು? ಯೋಜನೆಯ ದುಡ್ಡು ಮುಗಿಯುವ ಹೊತ್ತಿಗೆ, 2004ರಲ್ಲಿ, ಪೆರಿಯಾರ್ ಪ್ರತಿಷ್ಠಾನ ಹುಟ್ಟಿತು. ಪ್ರವೇಶ ಟಿಕೆಟ್ಟಿಗೆ ಸಣ್ಣದೊಂದು ಹೆಚ್ಚುವರಿ ಶುಲ್ಕ ಸೇರಿಸಿ, ಅದು ತಿರುವನಂತಪುರದ ಖಜಾನೆಗೆ ಹೋಗದೆ ಈ ಪ್ರತಿಷ್ಠಾನಕ್ಕೇ ಬರುವಂತೆ ಮಾಡಲಾಯಿತು. ದೇಶದಲ್ಲಿ ಇಂತಹ ವ್ಯವಸ್ಥೆ ಅದೇ ಮೊದಲು. 38ಎಕ್ಸ್ ಕಲಂ ಬಂದದ್ದು ಅದಾದ ಎರಡು ವರ್ಷಕ್ಕೆ. ಪೆರಿಯಾರ್‌ಗೆ ಬರುವ ಪ್ರವಾಸಿ ಊಟಿಯ ಪ್ರವಾಸಿಗಿಂತ ಹೆಚ್ಚು ಉದಾರಿಯೇನಲ್ಲ. ಅಲ್ಲಿ ಪೆಟ್ಟಿಗೆ ಹತ್ತಿರದಲ್ಲಿದೆ, ಅಷ್ಟೇ ವ್ಯತ್ಯಾಸ. ಜತೆ ನಡೆಯುವ ಗೈಡ್‌ನ ಕೂಲಿ ಆ ದುಡ್ಡಿನ ವ್ಯವಸ್ಥೆಯಿಂದಲೇ ಬಂದದ್ದು ಎಂದು ಗೊತ್ತಾದಾಗ ಕೊಟ್ಟವನಿಗೂ ಭಾರ ಅನಿಸುವುದಿಲ್ಲ.

ನೀಲಗಿರಿಯಲ್ಲೂ ಏನೂ ಆಗಿಲ್ಲ ಎಂದರೆ ಸುಳ್ಳಾಗುತ್ತದೆ. ಆದದ್ದು ಸರಕಾರದ ಕೌಂಟರಿನಿಂದ ಹೊರಗೆ.

ಕೋಟಗಿರಿಯಲ್ಲಿ 1990ರ ದಶಕದಿಂದ ಕೆಲಸ ಮಾಡುತ್ತಿರುವ ಕೀಸ್ಟೋನ್ ಫೌಂಡೇಶನ್ ಮೊದಲು ಕೈಹಾಕಿದ್ದು ಜೇನಿಗೆ. ಬಂಡೆಯಿಂದ ಹಗ್ಗ ಇಳಿಬಿಟ್ಟು ಹೆಜ್ಜೇನು ತೆಗೆಯುವ ಕುರುಂಬರಿಗೆ ವರ್ತಕರು ಕೊಡುತ್ತಿದ್ದ ಪುಡಿಗಾಸಿನ ಬದಲು ನ್ಯಾಯದ ದರ ಕೊಡಿಸುವುದರಿಂದ ಆರಂಭವಾದ ಕೆಲಸ. ಅದರ ಬೆನ್ನಿಗೆ 'ಲಾಸ್ಟ್ ಫಾರೆಸ್ಟ್' ಎಂಬ ಮಾರಾಟ ಸಂಸ್ಥೆ ಬಂತು. 2013ರಲ್ಲಿ ಆದಿವಾಸಿಗಳೇ ಒಡೆಯರಾದ 'ಆದಿಮಲೈ ಪಳಂಗುಡಿಯಿನರ್' ಉತ್ಪಾದಕರ ಕಂಪೆನಿ ಹುಟ್ಟಿತು. ಜೇನು, ಮೇಣ, ಕಾಫಿ, ಮೆಣಸು, ಸಿರಿಧಾನ್ಯ. 147 ಹಳ್ಳಿಗಳಲ್ಲಿ ಕೆಲಸ ಮಾಡುವ, 1,700 ಆದಿವಾಸಿ ಸದಸ್ಯರ ಈ ಕಂಪೆನಿಗೆ 2021ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು. ಆ ವರ್ಷ ಭಾರತದಿಂದ ಆಯ್ಕೆಯಾದ ಇನ್ನೊಂದು ಸಂಸ್ಥೆ ನಮ್ಮದೇ ಕರಾವಳಿಯ ಹೊನ್ನಾವರದ ಸ್ನೇಹಕುಂಜ ಟ್ರಸ್ಟ್. ಹಸಿರು ಸೆಸ್ ಕೊಟ್ಟ ಅದೇ ಪ್ರವಾಸಿ ಇಲ್ಲಿ ಒಂದು ಬಾಟಲಿ ಜೇನು ಕೊಂಡರೆ ಅದು ದಾನವಾಗುವುದಿಲ್ಲ, ವ್ಯಾಪಾರವಾಗುತ್ತದೆ. ವ್ಯಾಪಾರ ಗೊತ್ತಿರುವ ನಮ್ಮ ಸಮುದಾಯಕ್ಕೆ ಈ ಎರಡರ ವ್ಯತ್ಯಾಸ ಬಿಡಿಸಿ ಹೇಳಬೇಕಾಗಿಲ್ಲ. ದಾನ ಪಡೆದವನು ಕೃತಜ್ಞನಾಗಿರಬೇಕು, ಮಾರಿದವನು ಮುಂದಿನ ಸಲ ದರ ಹೆಚ್ಚಿಸಬಹುದು.

ಗೂಡಲೂರಿನ ಕತೆ ಇನ್ನೂ ಹಳೆಯದು. 1980ರ ದಶಕದ ಮಧ್ಯದಲ್ಲಿ 'ಅಕಾರ್ಡ್' ಸಂಸ್ಥೆ ಅಲ್ಲಿ ಕೆಲಸ ಆರಂಭಿಸಿತು. ಆದಿವಾಸಿ ಮುನ್ನೇತ್ರ ಸಂಘಂ ಕಟ್ಟಿಕೊಂಡ ಪಣಿಯರು, ಕುರುಂಬರು, ಕಾಟುನಾಯಕರು 1988ರ ಡಿಸೆಂಬರ್‌ನಲ್ಲಿ ಸುಮಾರು 10 ಸಾವಿರ ಮಂದಿ ಭೂಮಿಯ ಹಕ್ಕಿಗಾಗಿ ಗೂಡಲೂರಿನಲ್ಲಿ ಮೆರವಣಿಗೆ ಮಾಡಿದರು. ಜೀತದಲ್ಲಿದ್ದ ಜನ ಮುಖ್ಯರಸ್ತೆಯಲ್ಲಿ ನಡೆದು ಹೋದದ್ದು ಆ ಊರು ಅದುವರೆಗೆ ಕಾಣದ ದೃಶ್ಯ. 1990ರಲ್ಲಿ ಅವರದ್ದೇ ಆಸ್ಪತ್ರೆ ಆರಂಭವಾಯಿತು, ಮುಂದೆ ಶಾಲೆ ಬಂತು, 1990ರ ದಶಕದ ಕೊನೆಯಲ್ಲಿ ಮಧುವನ ಎಂಬ ಚಹಾ ತೋಟವನ್ನೂ ಸಂಘ ಕೊಂಡಿತು. ಕೂಲಿಗಳು ತೋಟದ ಮಾಲಕರಾದರು. ಇದಾವುದಕ್ಕೂ ಪ್ರವಾಸಿಗರ ದುಡ್ಡು ಕಾರಣವಲ್ಲ. ಮೈಸೂರಿನಿಂದ ಊಟಿಗೆ ಹೋಗುವ ವಾಹನಗಳಲ್ಲಿ ಹೆಚ್ಚಿನವು ಗೂಡಲೂರಿನಲ್ಲಿ ನಿಲ್ಲುವುದು ಊಟಕ್ಕೆ, ಇಲ್ಲವೇ ಟ್ರಾಫಿಕ್ ಜಾಮ್‌ಗೆ. ಆದರೂ ಆ ಊರು ತೋರಿಸಿಕೊಟ್ಟದ್ದು ಒಂದಿದೆ. ದುಡ್ಡು ಬಂದರೆ ಅದನ್ನು ನೋಡಿಕೊಳ್ಳಬಲ್ಲ ಸಂಘ, ಲೆಕ್ಕ ಇಡಬಲ್ಲ ಜನ ಅಲ್ಲಿದ್ದಾರೆ. "ಆದಿವಾಸಿಗಳ ಕೈಗೆ ದುಡ್ಡು ಕೊಟ್ಟರೆ ಉಳಿಯುತ್ತದೆಯೇ" ಎಂದು ಮೂಗೆಳೆಯುವವರಿಗೆ ಮಧುವನದ ಚಹಾವೇ ಉತ್ತರ.

ತೋಡರ ಕಸೂತಿಯ ಮಾತೂ ಇಲ್ಲಿ ಬರಬೇಕು. ಬಿಳಿ ಬಟ್ಟೆಯ ಮೇಲೆ ಕೆಂಪು-ಕಪ್ಪು ನೂಲಿನ ಆ ಶಾಲುಗಳಿಗೆ 2013ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು. ತೋಡರು ಇಡೀ ಜಗತ್ತಿನಲ್ಲಿ ಇರುವುದು ಸುಮಾರು 2 ಸಾವಿರ ಮಂದಿ. ಒಂದು ದೊಡ್ಡ ಶಾಲು ಮುಗಿಸಲು ಒಬ್ಬ ಹೆಂಗಸಿಗೆ ವಾರಗಳೇ ಬೇಕು, ಎಳೆ ಎಣಿಸಿಯೇ ಹೊಲಿಯಬೇಕು. ಮಾರುಕಟ್ಟೆಯಲ್ಲಿ ಯಂತ್ರದಲ್ಲಿ ಹೊಲಿದ ನಕಲು ಅದರ ಕಾಲುಭಾಗಕ್ಕಿಂತಲೂ ಅಗ್ಗಕ್ಕೆ ಸಿಗುತ್ತದೆ. ಬೊಟಾನಿಕಲ್ ಗಾರ್ಡನ್ನಿನ ಮೇಲ್ಗಡೆಯೇ ತೋಡರ ಮಂದ್ ಒಂದಿದೆ. ಅಲ್ಲಿಗೆ ಹತ್ತಿ ಹೋದವರು ಕಮಾನಿನಾಕಾರದ ಗುಡಿಯ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ, ಇಳಿದು ಬಂದು ಪೇಟೆಯಲ್ಲಿ ನಕಲಿ ಶಾಲು ಕೊಳ್ಳುತ್ತಾರೆ. ಮೋಸ ಹೋದದ್ದು ಅವರಿಗೂ ಗೊತ್ತಾಗುವುದಿಲ್ಲ.

ಹಾಗಾದರೆ ಪರಿಹಾರವೆಂದರೆ ಇನ್ನೊಂದು ಶುಲ್ಕವೇ? ಜಗತ್ತಿನಲ್ಲಿ ಈಗ ಇದರ ಗಾಳಿ ಬೀಸುತ್ತಿದೆ. ಭೂತಾನ್ 2022ರ ಸೆಪ್ಟೆಂಬರ್‌ನಲ್ಲಿ ವಿದೇಶಿ ಪ್ರವಾಸಿಯ ದಿನದ ಶುಲ್ಕವನ್ನು 65 ಡಾಲರ್‌ನಿಂದ 200 ಡಾಲರ್‌ಗೆ ಏರಿಸಿತು. ಭಾರತೀಯರಿಗೆ 1,200 ರೂಪಾಯಿ. ಜನ ಬರುವುದು ಕಡಿಮೆಯಾಯಿತು, ಹೋಟೆಲ್‌ನವರೂ ಗೈಡ್‌ಗಳೂ ಗೋಗರೆದರು, ಒಂದೇ ವರ್ಷದಲ್ಲಿ 200 ಡಾಲರ್ 100ಕ್ಕೆ ಇಳಿಯಿತು. ಬಾಲಿ 2024ರ ಫೆಬ್ರವರಿಯಿಂದ ವಿದೇಶಿಯರಿಗೆ ಒಂದೂವರೆ ಲಕ್ಷ ರುಪಿಯಾ ಶುಲ್ಕ ಹಾಕಿತು, ವೆನಿಸ್ ಅದೇ ಏಪ್ರಿಲ್‌ನಿಂದ ಒಂದು ದಿನಕ್ಕೆ ಬಂದು ಹೋಗುವವರಿಗೆ 5 ಯೂರೊ. ಹತ್ತಿರದ ಚಿಕ್ಕಮಗಳೂರಿನಲ್ಲೂ 2025ರ ಸೆಪ್ಟೆಂಬರ್‌ನಿಂದ ಮುಳ್ಳಯ್ಯನಗಿರಿಗೆ ಆನ್‌ಲೈನ್ ಮುಂಗಡ ನೋಂದಣಿ ಬಂದಿದೆ. ಊಟಿಯ ಇ-ಪಾಸ್‌ಗೆ ಶುಲ್ಕವಿಲ್ಲ. ಇಂದಲ್ಲ ನಾಳೆ ಶುಲ್ಕದ ಪ್ರಸ್ತಾವ ಬಂದರೂ ಬಂದೀತು.

ಬಂದರೆ ನೋಡಬೇಕಾದ್ದು ಮೊತ್ತಕ್ಕಿಂತ ಮೊದಲು ಅದರ ಆಕಾರವನ್ನು. ತಲೆಗಿಷ್ಟು, ಗಾಡಿಗಿಷ್ಟು ಎಂದು ಹಾಕುವ ಶುಲ್ಕದಲ್ಲಿ ಒಂದು ಅನ್ಯಾಯ ಅಡಗಿದೆ. ಹಳೆಯ ಓಮ್ನಿಯಲ್ಲಿ ಎಂಟು ಮಂದಿ ಕೂತು, ಮನೆಯಿಂದಲೇ ಬಿರಿಯಾನಿ ಕಟ್ಟಿಕೊಂಡು ಬಂದು, ಸಂಜೆಗೆ ವಾಪಸಾಗುವ ಕುಟುಂಬವೂ ಅಷ್ಟೇ ಕೊಡಬೇಕು, ರಾತ್ರಿಗೆ 20 ಸಾವಿರದ ಕಾಟೇಜಿನಲ್ಲಿ ಮೂರು ದಿನ ಉಳಿಯುವವರೂ ಅಷ್ಟೇ ಕೊಡಬೇಕು. ಬಡವರಿಗಾಗಿ ಎತ್ತುವ ದುಡ್ಡನ್ನು ಇನ್ನೊಂದು ಊರಿನ ಕಡಿಮೆ ಆದಾಯದವರಿಂದ ಎತ್ತಿದರೆ ಏನು ಪುರುಷಾರ್ಥ? ಕೋಣೆಯ ಬಾಡಿಗೆಯ ಮೇಲೆ ಶೇಕಡಾವಾರು ಹಾಕುವುದು ಹೆಚ್ಚು ನ್ಯಾಯದ ದಾರಿ. 2012ರ ಮಾರ್ಗಸೂಚಿ ಸಹ ಉದ್ಯಮಿಗಳಿಂದಲೇ ಪಡೆಯಬೇಕು ಎಂದದ್ದು. ಬಸ್ಸಿನಲ್ಲಿ, ರೈಲಿನಲ್ಲಿ ಬರುವವರನ್ನು ಇದರಿಂದ ಹೊರಗಿಡಬೇಕು, ಬೆಟ್ಟಕ್ಕೆ ಅವರಿಂದ ಭಾರ ಕಡಿಮೆ. ಬಂದ ದುಡ್ಡಿನ ಲೆಕ್ಕವನ್ನು ತಮಿಳಿನಲ್ಲೂ ಕನ್ನಡ-ಮಲಯಾಳಂನಲ್ಲೂ ಚೆಕ್‌ಪೋಸ್ಟಿನಲ್ಲೇ ಬೋರ್ಡ್ ಹಾಕಿ ತೋರಿಸಿದರೆ ಇನ್ನೂ ಒಳ್ಳೆಯದು. ಕಳೆದ ವರ್ಷ ಇಷ್ಟು ಬಂತು, ಇಂತಹ ಹಾಡಿಯಲ್ಲಿ ಇಷ್ಟು ಮನೆಗೆ ನೀರು ಬಂತು ಎಂಬ ನಾಲ್ಕು ಸಾಲು. ಮಸೀದಿಯ ನೋಟಿಸ್ ಬೋರ್ಡಿನಲ್ಲಿ ಜಮಾಅತಿನ ಲೆಕ್ಕ ಓದಿ ಅಭ್ಯಾಸ ಇರುವವರಿಗೆ ಅದರ ಬೆಲೆ ಗೊತ್ತು. ಲೆಕ್ಕ ಗೋಡೆಯ ಮೇಲಿದ್ದರೆ ಮುಂದಿನ ಸಲ ಪೆಟ್ಟಿಗೆಗೆ ಹಾಕುವ ಕೈ ಹಿಂಜರಿಯುವುದಿಲ್ಲ.

ಆದರೆ ಶುಲ್ಕ ಎಷ್ಟೇ ಚೆನ್ನಾಗಿ ವಸೂಲಾದರೂ ಬಿಡಿಸಲಾಗದ ಗಂಟೊಂದು ಗೂಡಲೂರಿನಲ್ಲಿದೆ: ಜಮೀನು. ಹಿಂದೆ ನಿಲಂಬೂರು ಕೋವಿಲಗಂನ ಜನ್ಮಿ ಒಡೆತನದಲ್ಲಿದ್ದ ಭೂಮಿಯನ್ನು ಸರಕಾರ ವಹಿಸಿಕೊಳ್ಳಲು 1969ರಲ್ಲಿ ಗೂಡಲೂರು ಜನ್ಮಂ ಕಾಯ್ದೆ ಬಂತು. ಸುಮಾರು 80 ಸಾವಿರ ಎಕರೆ. ಅದರಲ್ಲಿ 17ನೇ ಕಲಂನಡಿ ಬರುವ ಭೂಮಿಯ ತಕರಾರು ದಶಕಗಳಿಂದ ನ್ಯಾಯಾಲಯ, ಇಲಾಖೆಗಳ ನಡುವೆ ಅಲೆಯುತ್ತಿದೆ. ಅದರ ಮೇಲೆ ಮನೆ ಕಟ್ಟಿಕೊಂಡು ಎರಡು-ಮೂರು ತಲೆಮಾರು ಕಳೆದ ಸಾವಿರಾರು ಕುಟುಂಬಗಳಿಗೆ ಪಟ್ಟಾ ಇಲ್ಲ. ಪಟ್ಟಾ ಇಲ್ಲದ್ದರಿಂದ ಎಷ್ಟೋ ಮನೆಗಳಿಗೆ ವಿದ್ಯುತ್ ಸಂಪರ್ಕ ಸಿಗುವುದಿಲ್ಲ. ಅದೇ ತಾಲೂಕಿನಲ್ಲಿ ದೊಡ್ಡ ಎಸ್ಟೇಟುಗಳ ಬಂಗಲೆಗಳು ದೀಪ ಹಚ್ಚಿಕೊಂಡು ಅತಿಥಿಗಳಿಗೆ ಕಾಯುತ್ತವೆ. "ಸ್ಥಳೀಯರು ಹೋಮ್‌ಸ್ಟೇ ಮಾಡಲಿ, ಪ್ರವಾಸಿಗರ ದುಡ್ಡು ನೇರ ಅವರಿಗೇ ಸಿಗಲಿ" ಎಂದು ಸಲಹೆ ಕೊಡುವುದು ಸುಲಭ. ಕರೆಂಟಿಲ್ಲದ, ಕಾಗದವಿಲ್ಲದ ಮನೆಗೆ ಹೋಮ್‌ಸ್ಟೇ ಪರವಾನಿಗೆ ಕೊಡುವ ಅಧಿಕಾರಿ ಯಾರು? ಸಾಲ ಕೊಡುವ ಬ್ಯಾಂಕ್ ಯಾವುದು? ಅರಣ್ಯ ಹಕ್ಕು ಕಾಯ್ದೆ 2006ರಲ್ಲೇ ಬಂದಿದೆ, ಹುಲಿಧಾಮದ ಒಳಗೂ ಆದಿವಾಸಿಗಳಿಗೆ ಅದು ಅನ್ವಯಿಸುತ್ತದೆ. ಅದರಡಿ ಹಾಡಿಗಳಿಗೆ ಹಕ್ಕುಪತ್ರ ಸಿಕ್ಕರೆ ಪ್ರವಾಸೋದ್ಯಮದಲ್ಲಿ ಅವರು ಕೂಲಿಯ ಬದಲು ಪಾಲು ಕೇಳಬಹುದು.

ಇ-ಪಾಸ್‌ಗೆ ಅರ್ಜಿ ತುಂಬುವಾಗ ಪ್ರವಾಸಿಯನ್ನು ಕೇಳುವುದು ಹೆಸರು, ಗಾಡಿಯ ವಿವರ, ಎಷ್ಟು ಜನ, ಎಷ್ಟು ದಿನ, ಉಳಿಯುವುದೆಲ್ಲಿ ಎಂದು. ಈ ಮಾಹಿತಿಯೆಲ್ಲ ಈಗ ಜಿಲ್ಲಾಡಳಿತದ ಕಂಪ್ಯೂಟರಿನಲ್ಲಿದೆ. ಯಾವ ಹೋಟೆಲಿನಲ್ಲಿ ಎಷ್ಟು ಮಂದಿ ಎಷ್ಟು ರಾತ್ರಿ ಉಳಿಯುತ್ತಾರೆ ಎಂಬುದನ್ನು ಹಿಂದೆಂದೂ ಇಷ್ಟು ನಿಖರವಾಗಿ ತಿಳಿಯಲು ಸಾಧ್ಯವಿರಲಿಲ್ಲ. ನೀಲಗಿರಿಗೂ ಕೊಡೈಕೆನಾಲ್‌ಗೂ ಎಷ್ಟು ವಾಹನ ತಡೆದೀತು ಎಂದು ಅಧ್ಯಯನ ಮಾಡಲು ಮದ್ರಾಸ್ ಐಐಟಿ ಮತ್ತು ಬೆಂಗಳೂರು ಐಐಎಂಗಳಿಗೆ ಹೇಳಿರುವುದೂ ಇದೇ ಪ್ರಕರಣದಲ್ಲಿ. ಬೆಟ್ಟಕ್ಕೆ ಎಷ್ಟು ಗಾಡಿ ಎಂಬ ಲೆಕ್ಕ ಅಲ್ಲಿ ಸಿಗಬಹುದು. ಆ ಗಾಡಿಗಳಿಂದ ಇಳಿದ ದುಡ್ಡಿನಲ್ಲಿ ಮಸಿನಗುಡಿಯ ಇರುಳರಿಗೆಷ್ಟು, ಗೂಡಲೂರಿನ ಪಣಿಯರಿಗೆಷ್ಟು, ಟಾನ್‌ಟೀ ಲೈನ್‌ಮನೆಗಳ ಕೂಲಿಗಳಿಗೆಷ್ಟು ಎಂಬ ಲೆಕ್ಕವನ್ನೂ ಅದೇ ಕಂಪ್ಯೂಟರಿನ ಮಾಹಿತಿಯಿಂದ ಹಾಕಬಹುದು, ಹಾಕಲು ಯಾರಾದರೂ ಹೇಳಿದರೆ.